ಹೊತ್ತು ಬರೆಯದ ಸಾಲುಗಳು

ಕಲ್ಗೂಡು,
ಏಪ್ರಿಲ್ ೪೧, ೨೧೯೩

ಡಬ್ಬಿಗಳನ್ನು ಮೊದಲು ಕಟ್ಟಿದ ಹಿರಿಯರಿಗೆ ನಿಂಬೆವ್ವ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ಒತ್ತಕ್ಷರ ಬಂದಲ್ಲೆಲ್ಲ ನನಗೆ ಈಗಲೂ ಅನುಮಾನ. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿರಿ. ತಾರೀಖು ನೋಡಿ ನಾನು ಎಣಿಕೆಯಲ್ಲೂ ದಡ್ಡಿ ಅಂದುಕೊಳ್ಳಬೇಡಿ. ನಮ್ಮಲ್ಲಿ ಮೊದಲ ತಂಗಾಳಿ ಬೀಸುವ ತನಕ ಏಪ್ರಿಲ್ ಮುಗಿಯುವುದಿಲ್ಲ. ಹೋದ ವರ್ಷ ಅರವತ್ತೆರಡರ ತನಕ ಹೋಗಿ, ಆಮೇಲೆ ಒಮ್ಮೆಲೇ ಜೂನ್ ಆಯಿತು. ಈ ವರ್ಷ ಎಲ್ಲಿಗೆ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಕೇಳುವುದನ್ನೂ ಜನ ಬಿಟ್ಟಿದ್ದಾರೆ.

ನನ್ನ ಕೆಲವು ಮಾತುಗಳು ನಿಮಗೆ ಹೊಸವು ಅನ್ನಿಸಬಹುದು, ಆದ್ದರಿಂದ ಮೊದಲು ಅವನ್ನು ಹೇಳುತ್ತೇನೆ. ಕಲ್ಗೂಡು ಅಂದರೆ ಕೆಂಪು ಕಲ್ಲಿನ ಗುಡ್ಡದ ಹೊಟ್ಟೆಯಲ್ಲಿರುವ ನಮ್ಮ ಊರು. ಹಿಂದೆ ಮಲಪ್ರಭೆ ಹರಿಯುತ್ತಿದ್ದ ಹಳ್ಳ ಕೆಳಗೆ ಕಾಣುತ್ತದೆ. ಬೆಳಕು ಹರಿಯುವ ಮುಂಚೆ ಎದ್ದು, ಸಜ್ಜೆಯ ಹುಳಿಗಂಜಿ ಕುಡಿದು, ಎಲ್ಲರೂ ಹೊರಗಿನ ಕೆಲಸಕ್ಕೆ ಹೋಗುತ್ತೇವೆ. ಬಿಸಿ ಅಳೆಯುವ ಮುಳ್ಳು ಗುರುತು ಮುಟ್ಟುವ ಹೊತ್ತಿಗೆ ತಂಪುಗವಿಯ ಒಳಗೆ ಬಂದುಬಿಡಬೇಕು. ಆ ಗುರುತಿಗೆ ಬಿಸಿ ಮುಟ್ಟಿತೋ, ಗವಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಸಂಜೆಯ ತನಕ ತೆರೆಯುವುದಿಲ್ಲ. ತೆರೆದರೆ ಒಳಗಿನ ಮುನ್ನೂರು ಜನರ ತಂಪು ಒಂದು ಗಳಿಗೆಯಲ್ಲಿ ಹೋಗಿಬಿಡುತ್ತದೆ. ಒಳಗೆ ಒದ್ದೆ ಚಾಪೆಗಳ ಮೇಲೆ ಮಲಗಿ, ಫ್ಯಾನಿನ ಸದ್ದು ಕೇಳುತ್ತ, ಹೊತ್ತು ಕಳೆಯುತ್ತೇವೆ. ಮಕ್ಕಳು ಸಹ ಅಳುವುದು ಕಡಿಮೆ. ಅಳುವುದಕ್ಕೂ ಮೈಯಲ್ಲಿ ನೀರು ಬೇಕು.

ಈ ಬಾಗಿಲು, ಗಾಳಿ, ನೀರು, ಗಂಟೆ ಎಲ್ಲವನ್ನೂ ನೋಡಿಕೊಳ್ಳುವುದು ನಿಮ್ಮ ಡಬ್ಬಿಗಳು. ನಿಮ್ಮ ಕಾಲದಲ್ಲಿ ಅವನ್ನು ಕಂಟೇನರ್ ಅನ್ನುತ್ತಿದ್ದರಂತೆ. ಅವು ತಗಡಿನ ಡಬ್ಬಿಗಳಲ್ಲ ಎಂದು ನನಗೆ ಗೊತ್ತಾದದ್ದೇ ಈ ಕೆಲಸಕ್ಕೆ ಬಂದ ಮೇಲೆ. ಒಂದೇ ಯಂತ್ರದ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಇದ್ದ ಹಾಗೆ ಅವು ಇರುತ್ತವೆ. ನೀರಿನ ಡಬ್ಬಿಗೆ ಬಾಗಿಲಿನ ಡಬ್ಬಿ ಏನು ಮಾಡುತ್ತದೆಂದು ತಿಳಿಯದು. ಆದರೆ ಪ್ರತಿಯೊಂದೂ ತಾನು ಮಾಡಿದ್ದನ್ನು ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಕರಿ ಪರದೆಯ ಮೇಲೆ ಒಂದು ಆಜ್ಞೆ ಬರೆದರೆ ನಾಲ್ಕೂ ಡಬ್ಬಿಗಳ ಹಿಂದಿನ ಇಪ್ಪತ್ನಾಲ್ಕು ತಾಸಿನ ಸಾಲುಗಳು ಒಟ್ಟಿಗೆ ಇಳಿಯುತ್ತವೆ. ಸಾಲಿನ ತಲೆಯಲ್ಲಿ ಡಬ್ಬಿಯ ಹೆಸರು, ಒಂದೊಂದು ಹೆಸರಿಗೆ ಒಂದೊಂದು ಬಣ್ಣ, ಆಮೇಲೆ ಒಂದು ಅಡ್ಡಗೋಡೆಯಂಥ ಗೆರೆ, ಆಮೇಲೆ ಅದರ ಮಾತು. ಎಲ್ಲವನ್ನೂ ಕೂಡಿಸಿ ಓದುವ ಈ ಕೆಲಸವನ್ನು ನಾವು ಕೂಡೋದು ಅನ್ನುತ್ತೇವೆ. ನಾನು ಕಲ್ಗೂಡಿನ ಕೂಡೋದಿನವಳು.

ಕೂಡೋದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಹೋಗುವ ಮುಂಚೆ. ಪರದೆ ಹಚ್ಚಿದರೆ ಬ್ಯಾಟರಿ ಇಳಿದು ಮಧ್ಯಾಹ್ನ ಫ್ಯಾನು ನಿಲ್ಲುತ್ತದೆ, ಆದ್ದರಿಂದ ಎರಡನೆಯ ಸಲ ಓದಬಾರದೆಂದು ಕಟ್ಟಳೆ. ಆಜ್ಞೆಯು ಇಂಗ್ಲಿಷ್ ಅಕ್ಷರದಲ್ಲಿದೆ. ಅದನ್ನು ಪರದೆಯ ಪಕ್ಕದ ಗೋಡೆಗೆ ಎಣ್ಣೆ ಬಣ್ಣದಲ್ಲಿ ಬರೆದಿದ್ದಾರೆ. ನನಗೆ ಇಂಗ್ಲಿಷ್ ಬರುವುದಿಲ್ಲ. ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ ಗೋಡೆ ನೋಡಿ ಒತ್ತುತ್ತೇನೆ. ಬಂದ ಸಾಲುಗಳನ್ನು ಗಟ್ಟಿಯಾಗಿ ಓದಬೇಕು, ಓದಿದ್ದನ್ನು ನೋಟ್‌ಬುಕ್ಕಿಗೆ ಇಳಿಸಬೇಕು. ಬರೆಯುವುದು ನನಗೆ ಕಷ್ಟವಲ್ಲ, ಗಟ್ಟಿಯಾಗಿ ಓದುವುದೇ ಕಷ್ಟ. ಮೊದಲ ದಿನ ನನ್ನ ದನಿ ಎರಡನೆಯ ಸಾಲಿನವರಿಗೂ ಕೇಳಿಸಲಿಲ್ಲ. ಆಗ ಹುಸೇನಬಿ ಅತ್ತೆ, "ಏ ನಿಂಬೆವ್ವಾ, ಗಂಟಲದಾಗ ಇಲಿ ಕುಂತೈತೇನು? ಓಡ್ಸದನ್ನ, ಜೋರು ಓದು" ಅಂದಳು. ಎಲ್ಲರೂ ನಕ್ಕರು. ಸಂಜೆ ಅವಳೇ ನನ್ನನ್ನು ಗುಡ್ಡದ ತಲೆಗೆ ಕರೆದುಕೊಂಡು ಹೋಗಿ ಕೂಗಿಸಿದಳು. ದಿನಾ ಕೂಗಿಸಿದಳು. ಮಳೆಗಾಲದ ಹೊತ್ತಿಗೆ ನನಗೆ ದನಿ ಬಂತು.

ಹುಸೇನಬಿ ಅತ್ತೆಯ ಕೆಲಸ ಗಂಟೆಯದು. ಗುಡ್ಡದ ಮೇಲೊಂದು ಕಲ್ಲಿನ ಕೋಣೆ ಇದೆ. ಅಲ್ಲಿ ಕೂತು ಬಿಸಿಯ ಮುಳ್ಳು ನೋಡುತ್ತ, ಅದು ಗುರುತಿನ ಹತ್ತಿರ ಬಂದಾಗ ಗುಂಡಿ ಒತ್ತುತ್ತಾಳೆ. ದೂರದ ಒಂದೊಂದು ಜಾಗಕ್ಕೆ ಒಂದೊಂದು ಗಂಟೆ. ಆ ಗಂಟೆ ಆ ಜಾಗದವರಿಗೆ ಬಿಟ್ಟು ಬೇರೆಯವರಿಗೆ ಕೇಳುವುದಿಲ್ಲ. ಬಾಗಿಲು ಮುಚ್ಚುವ ಮುಂಚೆ ಗಂಟೆ ಆಗಲೇಬೇಕು. ಆಮೇಲೆ ಆದರೆ ಅದು ಗಂಟೆಯವಳ ತಪ್ಪು. ಅಂಥ ತಪ್ಪಿಗೆ ಉಪ್ಪಿನ ಬಯಲು. ಅಲ್ಲಿಗೆ ಮೂರು ದಿನದ ದಾರಿ. ಹೋದವರು ತಿರುಗಿ ಬಂದದ್ದಿಲ್ಲ. ಅಲ್ಲಿ ತಂಪುಗವಿ ಇಲ್ಲ.

ಏಪ್ರಿಲ್ ೨೯ರಂದು ದುರುಗಪ್ಪ ಮೂಡಲ ಗುಂಡಿಯಲ್ಲಿ ಒಬ್ಬನೇ ಇದ್ದ. ಕುಂಬಾರಿಕೆಗೆ ಮಣ್ಣು ತೆಗೆಯುವ ಜಾಗ ಅದು. ಬಾಗಿಲು ಮುಚ್ಚಿದಾಗ ಅವನು ಒಳಗೆ ಬಂದಿರಲಿಲ್ಲ. ಸಂಜೆ ತೆರೆದ ಮೇಲೆ ಹೋಗಿ ನೋಡಿದರೆ ಅವನ ಜೀವ ಹೋಗಿತ್ತು. ಮಾರನೆಯ ಬೆಳಿಗ್ಗೆ ನಾನು ಕೂಡೋದು ಓದಿದೆ. ಅವನ ಹೆಂಡತಿ ಯಂಕವ್ವ ನನ್ನ ಎದುರಿಗೇ ಕೂತಿದ್ದಳು. ನೀರು, ಗಾಳಿ, ಗಾಳಿ, ನೀರು ಎಂದು ಓದುತ್ತ ಬಂದೆ. "ಬಾಗಿಲು: ಮುಚ್ಚಿದೆ" ಎಂದು ಬಂತು. ಅದರ ಕೆಳಗೆ ಗಾಳಿಯ ನಾಲ್ಕು ಸಾಲು. ಅದರ ಕೆಳಗೆ "ಗಂಟೆ: ಮೂಡಲ, ಬಾರಿಸಿದೆ."

ಊರಿನ ಹಿರಿಯ ಸಂಗನಬಸಪ್ಪ ಕಾಕಾ ಕೈ ಎತ್ತಿದರು. "ತಡಿ. ಇನ್ನೊಮ್ಮೆ ಓದು." ಓದಿದೆ. "ಬಾಗಿಲ ಮೊದಲ, ಗಂಟಿ ಆಮ್ಯಾಲ. ಹೌದಿಲ್ಲೋ?" ನಾನು ಹೌದೆಂದು ತಲೆ ಆಡಿಸಿದೆ. ಹುಸೇನಬಿ ಅತ್ತೆ ಎದ್ದು ನಿಂತಳು. "ಇಲ್ರಿ ಯಜಮಾನ್ರ. ನಾ ಮೊದಲ ಒತ್ತೀನಿ. ಎಲ್ಲಾರಕಿಂತ ಮೊದಲ ಮೂಡಲದ್ದ ಒತ್ತೋದು ನಾ, ಅದು ದೂರ ಐತಂತ." ಕಾಕಾ ದನಿ ಏರಿಸಲಿಲ್ಲ. "ಸಾಲು ಸುಳ್ಳು ಹೇಳ್ತೈತೇನವಾ? ಅದಕ್ಕೇನು ನಿನ್ನ ಮ್ಯಾಲ ಸಿಟ್ಟೈತೇನು?" ಅಂದರು. ಯಂಕವ್ವ ಮುಂದಕ್ಕೆ ಬಂದು ಅತ್ತೆಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. "ಈ ಬೆರಳೇನ? ಈ ಬೆರಳಲೇ ಏನ ನೀ ತಡಾ ಮಾಡಿದ್ದು?" ಅಂದಳು. ಆಮೇಲೆ ನನ್ನ ನೋಟ್‌ಬುಕ್ಕಿನ ಮೇಲೆ ಬಿದ್ದು ಅತ್ತಳು. ಆರನೆಯ ದಿನ ಉಪ್ಪಿನ ಗಾಡಿ ಹೊರಡುವುದಿತ್ತು. ಅದರಲ್ಲಿ ಹುಸೇನಬಿ ಅತ್ತೆ ಹೋಗಬೇಕೆಂದು ಆಯಿತು.

ಅವಳಿಗೆ ಈ ಶಿಕ್ಷೆ ಆದದ್ದು ನನ್ನ ಬಾಯಿಂದ. ಬೇರೆ ಯಾರೂ ಪರದೆ ನೋಡಿರಲಿಲ್ಲ. ಅವಳು ಕಲಿಸಿಕೊಟ್ಟ ದನಿಯಲ್ಲೇ ನಾನು ಓದಿದ್ದೆ, ಹಿಂದಿನ ಸಾಲಿನವರಿಗೂ ಕೇಳಿಸಿತ್ತು.

ಯಂಕವ್ವ ಅತ್ತು ಎದ್ದ ಮೇಲೆ ನೋಡಿದರೆ ನನ್ನ ನಕಲು ಅರ್ಧಕ್ಕೇ ನಿಂತಿತ್ತು. ಕೊನೆಯ ಪುಟ ಕಣ್ಣೀರಿಗೆ ಕಲಸಿಹೋಗಿತ್ತು. ಶಿಕ್ಷೆಯಾದ ದಿನದ ನಕಲು ಪೂರ್ತಿ ಇರಲೇಬೇಕು. ಕಾಕಾನನ್ನು ಕೇಳಬೇಕಿತ್ತು. ಕೇಳುವುದಕ್ಕೆ ನಾಚಿಕೆ. ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದಾಗ, ಕಟ್ಟಳೆ ಮೀರಿ ಪರದೆ ಹಚ್ಚಿದೆ. ಫ್ಯಾನು ನಿಧಾನವಾಯಿತು. ಇಪ್ಪತ್ನಾಲ್ಕು ತಾಸು ಆಗಲೇ ಕಳೆದಿತ್ತು, ಆದ್ದರಿಂದ ಆ ಅಂಕಿಯ ಕಡೆ ಮೂವತ್ತು ಎಂದು ಒತ್ತಿ ಆಜ್ಞೆ ಬರೆದೆ. ಸಾಲುಗಳು ಇಳಿದವು. ಬೆಳಿಗ್ಗೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕಿದೆ, ಆ ಜಾಗ ಸಿಗಲಿಲ್ಲ. ಗಂಟೆಯ ಸಾಲು ಮೇಲಿತ್ತು. ಬಾಗಿಲಿನ ಸಾಲು ಅದಕ್ಕಿಂತ ಇಪ್ಪತ್ತು ಸಾಲು ಕೆಳಗಿತ್ತು.

ನನ್ನ ಕಣ್ಣೇ ತಪ್ಪಿತೆಂದು ಮತ್ತೊಮ್ಮೆ ಬರೆದೆ. ಈ ಸಲ ಎರಡೂ ಅಕ್ಕಪಕ್ಕ ಇದ್ದವು, ಬಾಗಿಲು ಮೇಲೆ. ಇನ್ನೊಮ್ಮೆ ಬರೆದೆ, ಗಂಟೆ ಮೇಲೆ. ಸಾಲುಗಳು ಅವೇ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಒಂದು ಡಬ್ಬಿಯ ಸಾಲುಗಳು ತಮ್ಮತಮ್ಮಲ್ಲಿ ಹಿಂದುಮುಂದಾಗಿರಲಿಲ್ಲ. ಆದರೆ ಒಂದರ ಸಾಲು ಇನ್ನೊಂದರ ಸಾಲಿನ ಮೇಲೆ ಬರುತ್ತದೋ ಕೆಳಗೆ ಬರುತ್ತದೋ ಎನ್ನುವುದಕ್ಕೆ ಲೆಕ್ಕವೇ ಇರಲಿಲ್ಲ. ಆಜ್ಞೆ ಕೇಳಿದ ಕೂಡಲೇ ಯಾವ ಡಬ್ಬಿ ಮೊದಲು ಬಾಯಿ ತೆರೆಯುತ್ತದೋ ಅದರ ಮಾತು ಮೇಲೆ, ಅಷ್ಟೇ. ನಲ್ಲಿಯ ಹತ್ತಿರ ನಾಲ್ಕು ಜನ ಒಟ್ಟಿಗೆ ಮಾತಾಡಿದ ಹಾಗೆ. ನಿಮಗೆ ಇದು ಚೆನ್ನಾಗಿ ಗೊತ್ತಿದ್ದಿರಬೇಕು. ನಮಗೆ ಗೊತ್ತಿರಲಿಲ್ಲ. ದಿನಕ್ಕೆ ಒಂದೇ ಸಲ ಓದುವವರಿಗೆ ಅದು ಯಾವತ್ತೂ ಗೊತ್ತಾಗುವ ಹಾಗಿರಲಿಲ್ಲ.

ಬುದ್ಧಿ ಓಡಲಿಲ್ಲ. ಗೋಡೆಯನ್ನು ನೋಡುತ್ತಿದ್ದೆ. ಆಜ್ಞೆಯ ಕೊನೆಯಲ್ಲಿ ಬಣ್ಣ ಕಿತ್ತುಹೋಗಿದೆ ಎಂದು ನಾನು ಎರಡು ವರ್ಷದಿಂದ ತಿಳಿದಿದ್ದೆ. ಹತ್ತಿರ ಹೋಗಿ ಬೆರಳಿನಿಂದ ಸವರಿದರೆ ಅದು ತಾನಾಗಿ ಕಿತ್ತದ್ದಲ್ಲ, ಉಳಿಯಿಂದ ಕೆರೆದದ್ದು. ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಒಂದು ಅಕ್ಷರ, ಕಂಬದ ಮೇಲೆ ತೊಲೆ ಇಟ್ಟ ಹಾಗೆ ಕಾಣುವ ಅಕ್ಷರ. ಅದನ್ನೂ ಸೇರಿಸಿ ಒತ್ತಿದೆ. ಸಾಲುಗಳು ಮತ್ತೆ ಇಳಿದವು, ಈ ಸಲ ಪ್ರತಿ ಸಾಲಿನ ಜೊತೆ ತಾರೀಖು ಮತ್ತು ಹೊತ್ತು. ಗಂಟೆಯ ಸಾಲಿಗೆ ಮೂರು ಗಂಟೆ ನಲವತ್ತೆರಡು ನಿಮಿಷ. ಬಾಗಿಲಿನ ಸಾಲಿಗೆ ನಾಲ್ಕು ಗಂಟೆ ಒಂದು ನಿಮಿಷ.

ಸಂತೋಷಪಡಲು ಆಗಲಿಲ್ಲ. ಬಾಗಿಲು ಮುಚ್ಚಿದ್ದು ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಎಂದು ಊರಿಗೆಲ್ಲ ಗೊತ್ತು. ನಾಲ್ಕು ಗಂಟೆಗೆ ಯಾರೂ ಹಾಸಿಗೆ ಬಿಟ್ಟಿರಲಿಲ್ಲ. ಇಂಥ ಗಡಿಯಾರವನ್ನು ತೋರಿಸಿದರೆ ಯಾರು ನಂಬುತ್ತಾರೆ? ಮೂರು ದಿನ ಯಾರಿಗೂ ಹೇಳಲಿಲ್ಲ. ಬಾಗಿಲು ಮುಚ್ಚಿದಾಗ ಗವಿಯ ಗಡಿಯಾರ ನೋಡಿ ಅಂಗೈ ಮೇಲೆ ಬರೆದುಕೊಂಡೆ. ನೀರಿನ ಪಂಪು ಶುರುವಾದಾಗ ಬರೆದುಕೊಂಡೆ. ಫ್ಯಾನು ತಿರುಗತೊಡಗಿದಾಗ ಬರೆದುಕೊಂಡೆ. ಗಾಡಿ ಹೊರಡುವ ತನಕ ಗಂಟೆ ಅತ್ತೆಯ ಕೈಯಲ್ಲೇ ಇತ್ತು, ಅವಳು ಪಡುವಣ ಗಂಟೆ ಒತ್ತುವಾಗ ಅವಳ ಪಕ್ಕದಲ್ಲೇ ಕೂತು ಬರೆದುಕೊಂಡೆ. ಬೆಳಿಗ್ಗೆ ಪರದೆಯ ಜೊತೆ ಹೋಲಿಸಿ ನೋಡಿದರೆ, ನಾಲ್ಕೂ ಡಬ್ಬಿಗಳು ನಮಗಿಂತ ಐದೂವರೆ ತಾಸು ಹಿಂದೆ ಇದ್ದವು. ಒಂದು ನಿಮಿಷವೂ ಆಚೀಚೆ ಇಲ್ಲ. ಯಾವುದೋ ದೂರದ ದೇಶದ ಹೊತ್ತನ್ನು ಅವು ಇಟ್ಟುಕೊಂಡಿದ್ದವು.

ಗಾಡಿ ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಎಲ್ಲರ ಮುಂದೆ ನಿಂತೆ. "ಕಾಕಾ, ನಾ ಒಂದು ತಪ್ಪು ಮಾಡೀನ್ರಿ. ಎರಡನೇ ಸಲ ಓದೀನಿ" ಅಂದೆ. ಹಿಂದಿನಿಂದ ಯಾರೋ, "ಅದಕ್ಕನ ಆವತ್ತ ಫ್ಯಾನ್ ನಿಂತಿದ್ದು! ನಾ ಸತ್ತ ಹೋದೆ ಅಂತ ತಿಳಿದಿದ್ದೆ ಮಾರಾಯ್ತಿ" ಅಂದರು. ಕೆಲವರು ನಕ್ಕರು. ಆ ನಗೆಯೇ ನನಗೆ ಧೈರ್ಯ ಕೊಟ್ಟಿತು. ಅಂಗೈ ತೋರಿಸಿ ಎಲ್ಲ ಹೇಳಿದೆ.

ಕಾಕಾ ತಲೆ ಅಲ್ಲಾಡಿಸಿದರು. "ಆ ಗಡಿಯಾರ ಸುಳ್ಳೈತಿ ಅಂತ ನಮ್ಮಪ್ಪನ ಕಾಲದಾಗನ ಕೆರೆದು ತಗದಾರ. ಮುಂಜಾನೆ ಒಂಬತ್ತಕ್ಕ ಅದು ಮೂರೂವರಿ ಅಂತೈತಿ. ಅಂಥಾದನ್ನ ನಂಬಂತೀಯೇನು?"

"ಸುಳ್ಳು ಹೌದ್ರಿ ಕಾಕಾ" ಅಂದೆ. "ಆದ್ರ ನಾಕೂ ಒಂದ ಸುಳ್ಳು ಹೇಳ್ತಾವ್ರಿ. ಬಾಗಿಲದ್ದೂ ಐದೂವರಿ ತಾಸು ಹಿಂದ, ಗಂಟೀದೂ ಐದೂವರಿ ತಾಸು ಹಿಂದ. ಯಾವುದು ಮೊದಲ ಆತು ಅಂತ ತಿಳಿಯಾಕ ಅಷ್ಟ ಸಾಕಲ್ರಿ."

ಕಾಕಾ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಬಂದು ಕೂತರು. ಹಳೆಯ ಆಜ್ಞೆಯನ್ನು ಮೂರು ಸಲ ಬರೆಸಿದರು. ಇಪ್ಪತ್ನಾಲ್ಕು ಎಂದಿದ್ದ ಕಡೆ ನಾನು ನೂರಾ ಐವತ್ತು ಎಂದು ಬದಲಿಸಿದ್ದೆ, ಆ ದಿನದ ಸಾಲುಗಳು ಬರಲಿ ಎಂದು. ಮೂರು ಸಲವೂ ಗಂಟೆ ಮತ್ತು ಬಾಗಿಲು ಜಾಗ ಬದಲಿಸಿದವು. ನಾಲ್ಕನೆಯ ಸಲ ಹೊತ್ತು ಸೇರಿಸಿ ಬರೆದೆ. ಕಾಕಾ ಪರದೆಯ ಮೇಲೆ ಬೆರಳಿಟ್ಟು ಎರಡೂ ಸಾಲು ಓದಿದರು. ಹತ್ತೊಂಬತ್ತು ನಿಮಿಷ ಎಂದು ತಾವೇ ಎಣಿಸಿದರು. ಆಮೇಲೆ ತಿರುಗದೆಯೇ, "ಹುಸೇನಬಿ, ನೀ ನಿನ್ನ ಕೋಣಿಗೆ ಹೋಗವಾ. ಬಿಸಲ ಏರಾಕತ್ತೈತಿ" ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು ನಡೆದಳು. ನನ್ನ ಪಕ್ಕಕ್ಕೆ ಬಂದಾಗ, "ಇಲಿ ಹೊರಗ ಬಂತಲ್ಲೇ ಹುಡುಗಿ" ಅಂದಳು. ಅವಳ ದನಿಯೇ ಆಗ ಯಾರಿಗೂ ಕೇಳಿಸುವಷ್ಟಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ನಿಮಗೆ ಕಾಗದ ಬರೆಯುತ್ತಿರಲಿಲ್ಲ. ಜನ ಕೆಲಸಕ್ಕೆ ಹೋದ ಮೇಲೂ ಕಾಕಾ ಪರದೆಯ ಮುಂದಿನಿಂದ ಏಳಲಿಲ್ಲ. "ನಮ್ಮಕ್ಕ ಶರಣವ್ವಂದೂ ಗಂಟೀ ಕೆಲಸ" ಅಂದರು. "ಅಕೀದೂ ಹಿಂಗ. ಬಾಗಿಲ ಮೊದಲ, ಗಂಟಿ ಆಮ್ಯಾಲ. ನಾನ ಗಾಡಿ ಹತ್ತಿಸಿ ಬಂದೆ. ಅಕೀದು ತಗೀ." ಯಾವ ವರ್ಷ ಎಂದು ಕೇಳಿದೆ. ಇಪ್ಪತ್ತೊಂಬತ್ತು ವರ್ಷದ ಹಿಂದಿನದು. ಡಬ್ಬಿಗಳು ಮೂವತ್ತು ದಿನಕ್ಕಿಂತ ಹಳೆಯ ಸಾಲು ಇಟ್ಟುಕೊಳ್ಳುವುದಿಲ್ಲ. ಹಳೆಯ ನೋಟ್‌ಬುಕ್ ಹುಡುಕಿ ಕೊಟ್ಟೆ. ಅದರಲ್ಲಿ ಸಾಲುಗಳು ಇವೆ, ಮುದ್ದಾದ ಅಕ್ಷರ, ಒಂದೂ ತಪ್ಪಿಲ್ಲ. ಆದರೆ ಹೊತ್ತಿಲ್ಲ. "ಇಷ್ಟ ಐತ್ರಿ ಕಾಕಾ" ಅಂದೆ. ಅವರು ಪುಟದ ಮೇಲೆ ಬೆರಳು ಆಡಿಸಿ, "ಇದರಾಗ ಗೊತ್ತಾಗೂದಿಲ್ಲಲ?" ಅಂದರು. ಇಲ್ಲ ಎಂದೆ. ಅವರು ಕನ್ನಡಕ ತೆಗೆದು ಅದರ ಕಾಲು ಮಡಚಿದರು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದರು. ಕಳೆದ ಏಳು ದಿನದಿಂದ ನಾನು ಹಳೆಯ ನೋಟ್‌ಬುಕ್ಕುಗಳನ್ನು ಓದುತ್ತಿದ್ದೇನೆ. ಅರವತ್ತು ವರ್ಷದಲ್ಲಿ ಕೂಡೋದಿನ ಮೇಲೆ ಉಪ್ಪಿನ ಬಯಲಿಗೆ ಹೋದವರು ಹನ್ನೊಂದು ಜನ. ತಪ್ಪು ಮಾಡಿದವರೂ ಅವರಲ್ಲಿ ಇದ್ದಿರಬಹುದು. ಯಾರು ಎಂದು ಇನ್ನು ಯಾರೂ ಹೇಳಲಾರರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ನನ್ನ ಹತ್ತಿರ ಬರುತ್ತಾರೆ. ನಾಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಪುಟ ತೆಗೆದು ತೋರಿಸುತ್ತೇನೆ, ಇಷ್ಟೇ ಇದೆ ಅನ್ನುತ್ತೇನೆ. ನನಗೆ ತುಂಬ ದಣಿವಾಗಿದೆ.

ಯಂಕವ್ವನೂ ಬಂದಿದ್ದಳು. "ಹಂಗಾರ ಯಾರ ತಪ್ಪವಾ? ನೀನ ಓದಿದ್ದಿ, ನೀನ ಹೇಳು" ಅಂದಳು. ನಾನು ಆ ದಿನದ ಪುಟ ತೆಗೆದು ಅವಳ ಮುಂದಿಟ್ಟೆ. ಆಮೇಲೆ ಅವಳೇ ಹೇಳಿದಳು. ದುರುಗಪ್ಪ ಸಿಕ್ಕಾಗ ಅವನ ಕೈಗೆ ಮಣ್ಣು ಹೊರುವ ಕತ್ತೆಯ ಹಗ್ಗ ಸುತ್ತಿತ್ತಂತೆ. ಗುಂಡಿಯಿಂದ ಗವಿಗೆ ಹನ್ನೆರಡು ನಿಮಿಷದ ದಾರಿ. ಗಂಟೆ ಕೇಳಿ ಅವನು ಹೊರಟಿದ್ದಾನೆ, ಕತ್ತೆ ಗುಂಡಿಯಿಂದ ಮೇಲಕ್ಕೆ ಹತ್ತಿಲ್ಲ. "ಅದು ಬಾ ಅಂದ್ರ ಬರೋದಲ್ಲ. ಇಂವಂಗ ಬಿಟ್ಟು ಬರಾಕ ಆಗಿಲ್ಲ" ಅಂದಳು. ಕತ್ತೆ ಬದುಕಿದೆ. ಹುಸೇನಬಿ ಅತ್ತೆಯ ಮೇಲೆ ಸಿಟ್ಟಿದ್ದಷ್ಟು ದಿನ ಯಂಕವ್ವ ಗಂಜಿಯನ್ನಾದರೂ ಕುಡಿಯುತ್ತಿದ್ದಳು. ಈಗ ಅದೂ ಇಲ್ಲ. ಅವಳಿಂದ ಆ ಸಿಟ್ಟನ್ನು ಕಿತ್ತುಕೊಂಡವಳು ನಾನು.

ಹಿರಿಯರೇ, ನಿಮ್ಮ ಮೇಲೆ ನನಗೆ ದೂರಿಲ್ಲ. ಆಜ್ಞೆಯಲ್ಲಿ ನೀವು ಹೊತ್ತನ್ನು ಇಟ್ಟೇ ಕೊಟ್ಟಿದ್ದಿರಿ. ಕೆರೆದವರು ನಮ್ಮವರು. ಅವರೂ ಕೆಟ್ಟವರಲ್ಲ, ಸುಳ್ಳು ಗಡಿಯಾರ ಮಕ್ಕಳ ಕಣ್ಣಿಗೆ ಬೀಳಬಾರದೆಂದು ಕೆರೆದರು. ನನ್ನ ಕೋರಿಕೆ ಚಿಕ್ಕದು. ಈಗ ನೀವು ಯಾರಿಗಾದರೂ ಇಂಥ ಕೆಲಸ ಒಪ್ಪಿಸುವಾಗ ಆಜ್ಞೆಯ ಕೆಳಗೆ ಒಂದು ಮಾತು ಸೇರಿಸಿ ಬರೆಯಿರಿ. ಈ ಹೊತ್ತು ನಿಮ್ಮ ಊರಿನದಲ್ಲ, ಐದೂವರೆ ತಾಸು ಕೂಡಿಸಿಕೊಳ್ಳಿ, ಅಳಿಸಬೇಡಿ ಎಂದು. ನಿಮಗೆ ಅದು ಎಷ್ಟು ಗೊತ್ತಿರುವ ವಿಷಯವೆಂದರೆ, ಬರೆಯಬೇಕೆಂದು ನಿಮಗೆ ಅನ್ನಿಸುವುದೇ ಇಲ್ಲ. ಆದರೂ ಬರೆಯಿರಿ. ಗೋಡೆಯಲ್ಲಿ ಜಾಗ ಬೇಕಾದಷ್ಟಿತ್ತು, ನಾನು ನೋಡಿದ್ದೇನೆ. ಸಾಲುಗಳನ್ನು ಒಟ್ಟಿಗೆ ನೋಡುವಾಗ ಮೇಲಿನದು ಮೊದಲು ಆಯಿತು ಎಂದು ಯಾರಾದರೂ ಅಂದರೆ, ಅವರ ಎದುರಿಗೇ ಇನ್ನೊಮ್ಮೆ ತೆಗೆದು ತೋರಿಸಿ. ಬ್ಯಾಟರಿ ಹೋದರೂ ಚಿಂತೆಯಿಲ್ಲ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ನನಗೆ ತಿಳಿಯದು. ಮುಟ್ಟದಿದ್ದರೂ ಬರೆದದ್ದರಿಂದ ಎದೆ ಸ್ವಲ್ಪ ಹಗುರಾಯಿತು. ಬಾಗಿಲು ಮುಚ್ಚುವ ಹೊತ್ತಾಯಿತು, ಇನ್ನು ನಿಲ್ಲಿಸುತ್ತೇನೆ. ಯಂಕವ್ವ ಆ ಕತ್ತೆಯ ಮುಖ ನೋಡುವುದಿಲ್ಲವೆಂದು ಅದನ್ನು ಹೊರಗಿನ ಬಂಡೆಗೆ ಕಟ್ಟಿ ಬಿಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಕೂಡೋದು ಮುಗಿಸಿ ಬರುವಾಗ ಅದರ ಹಗ್ಗ ಬಿಚ್ಚಿ ನೆರಳಿಗೆ ಕಟ್ಟಿ, ಮುಂದೆ ಒಂದು ಬಕೆಟ್ ನೀರು ಇಟ್ಟು ಬಂದೆ.

ನಿಂಬೆವ್ವ